ಹಂದಿ ಮರಿ ಹಾಕುವ ವಾರ: ಮೇವು ಯಾವಾಗ ಇಳಿಸಬೇಕು, ಯಾವಾಗ ಏರಿಸಬೇಕು

ಹಂದಿಯ ಗಬ್ಬ ಸುಮಾರು 114 ದಿನ. ಮೂರು ತಿಂಗಳು, ಮೂರು ವಾರ, ಮೂರು ದಿನ ಅಂತ ನೆನಪಿಟ್ಟುಕೊಂಡರೆ ಸಾಕು. ಆ ದಿನಕ್ಕೆ ಒಂದು ವಾರ ಮೊದಲೇ ಅದರ ಮೈ ತೊಳೆದು, ಶುದ್ಧ ಮಾಡಿ ಒಣಗಿಸಿದ ಹೆರಿಗೆ ಗೂಡಿಗೆ ಬಿಡಬೇಕು.

ಇನ್ನು ಮೇವು. ಇಲ್ಲೇ ನಮಗೆಲ್ಲ ಗೊಂದಲ. ಹೊಟ್ಟೆಯಲ್ಲಿ ಅಷ್ಟು ಮರಿ ಇರುವಾಗ ಜಾಸ್ತಿ ಹಾಕಬೇಕು ಅನ್ನಿಸುತ್ತದೆ, ಅಲ್ವಾ? ಆದರೆ ಕೊನೆಯ ಎರಡು ಮೂರು ದಿನ ಇಳಿಸಬೇಕು. ಮಲ ಗಟ್ಟಿಯಾಗಿ ಕರುಳಲ್ಲೇ ನಿಂತರೆ ಮರಿ ಬರುವ ದಾರಿ ಇಕ್ಕಟ್ಟಾಗುತ್ತದೆ. ಹೆರಿಗೆ ಎಳೆದಷ್ಟೂ ಕೊನೆಯ ಮರಿಗಳು ಉಸಿರಿಲ್ಲದೆ ಸತ್ತು ಹುಟ್ಟುತ್ತವೆ. ಅದಕ್ಕೇ ಗೋಧಿ ಬೂಸಾ ಕಲಸಿ ಕೊಡುವುದು. ನನ್ನ ಪ್ರಕಾರ ಈ ವಾರ ಬಕೆಟ್‌ಗಿಂತ ಮಲ ನೋಡುವುದೇ ಮುಖ್ಯ. ಒಣ ಉಂಡೆಗಳಾಗಿ ಬಿದ್ದರೆ ಬೂಸಾ, ನೀರು ಎರಡನ್ನೂ ಹೆಚ್ಚಿಸಿ.

ಇಳಿಸುವುದು ಅಂದರೆ ಉಪವಾಸ ಹಾಕುವುದಲ್ಲ. ಮರಿ ತಳ್ಳಲು ಶಕ್ತಿ ಬೇಕು. ದಿನದ ಮೇವನ್ನು ಮೂರು ಹೊತ್ತು ಸ್ವಲ್ಪ ಸ್ವಲ್ಪವಾಗಿ ಹಾಕಿದರೆ ಒಳ್ಳೆಯದು. ನಮ್ಮ ಹಾಸನದ ಕಡೆ ಆಲೂಗಡ್ಡೆ ಕೊಯ್ಲಿನಲ್ಲಿ ಹಸಿರಾದ, ಮೊಳಕೆ ಬಂದ ಗಡ್ಡೆ ಸುಮ್ನೆ ಸಿಗುತ್ತದೆ. ಅದರಲ್ಲಿ ವಿಷವಿದೆ, ಹಾಕಲೇಬೇಡಿ.

ಮೊಲೆ ಹಿಂಡಿದರೆ ಸಲೀಸಾಗಿ ಹಾಲು ಬಂತು ಅಂದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ಮರಿ. ಒಂದು ಮರಿಯಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ 15-20 ನಿಮಿಷ. ಮುಕ್ಕುತ್ತಾ ಮುಕ್ಕಾಲು ಗಂಟೆ ಕಳೆದರೂ ಮರಿ ಬರದಿದ್ದರೆ ಪಶುವೈದ್ಯರನ್ನು ಕರೆಸಿ.

ಹುಟ್ಟಿದ ಮರಿಗೆ ಮೊದಲ 6 ಗಂಟೆಯೊಳಗೆ ಗಿಣ್ಣು ಹಾಲು ಸಿಗಲೇಬೇಕು. ಮರಿಗೆ 32-34 ಡಿಗ್ರಿ ಬಿಸಿ ಬೇಕು, ತಾಯಿಗೆ 18-22 ಸಾಕು. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಚಳಿ ಅಂತ ಇಡೀ ಗೂಡನ್ನು ಬಿಸಿ ಮಾಡಿದರೆ ತಾಯಿ ಮೇವು ಬಿಡುತ್ತದೆ. ಬಲ್ಬನ್ನು ಮರಿಗಳ ಮೂಲೆಯಲ್ಲಿ ಮಾತ್ರ ಕಟ್ಟಿ. ಬೆಚ್ಚಗಿನ ಮೂಲೆ ಇದ್ದರೆ ಮರಿಗಳು ತಾಯಿಯ ಪಕ್ಕ ಮಲಗಿ ಅದರಡಿ ಸಿಕ್ಕಿ ಸಾಯುವುದೂ ಕಡಿಮೆ. ಮೂರನೇ ದಿನ ಕಬ್ಬಿಣದ ಇಂಜೆಕ್ಷನ್.

ಹೆರಿಗೆಯ ದಿನ ಮೇವು ಸ್ವಲ್ಪ, ನೀರು ಬೇಕಾದಷ್ಟು. ಮರುದಿನದಿಂದ ದಿನಕ್ಕೆ ಅರ್ಧ ಕೆಜಿಯಂತೆ ಏರಿಸುತ್ತಾ ವಾರದ ಹೊತ್ತಿಗೆ ತಿನ್ನುವಷ್ಟು ಹಾಕಬೇಕು. ಅಂದಾಜಿಗೆ ತಾಯಿಗೆ 2 ಕೆಜಿ, ಮೇಲೆ ಮರಿಗೊಂದು ಅರ್ಧ ಕೆಜಿ. ಹತ್ತು ಮರಿಯಿದ್ದರೆ 7 ಕೆಜಿ ಆಯಿತು. ಮೊದಲ ದಿನವೇ ಇಷ್ಟು ಸುರಿದರೆ ಮರಿಗಳು ಕುಡಿದು ಮುಗಿಸಲಾರದಷ್ಟು ಹಾಲು ಇಳಿದು ಕೆಚ್ಚಲು ಬಾವು ಬರಬಹುದು.

ತಾಯಿ ಹೊಟ್ಟೆ ಕೆಳಗೆ ಮಾಡಿ ಮಲಗಿ ಮೊಲೆ ಕೊಡುತ್ತಿಲ್ಲ, ಮರಿಗಳು ಹಸಿದು ಕಿರುಚುತ್ತಿವೆ ಅಂದರೆ ಕೆಚ್ಚಲು ಮುಟ್ಟಿ ನೋಡಿ, ಜ್ವರ ಅಳೆಯಿರಿ. ಕೆಚ್ಚಲು ಗಟ್ಟಿಯಾಗಿ ಬಿಸಿಯಿದ್ದು, ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅವತ್ತೇ ಚಿಕಿತ್ಸೆ ಕೊಡಿಸಿ. ಅಲ್ಲಿವರೆಗೆ ಮರಿಗಳನ್ನು ಆಗತಾನೇ ಈದ ಬೇರೆ ಹಂದಿಗೆ ಬಿಡಿ, ಇಲ್ಲವೇ ಬಾಟಲಿ ಹಾಲು ಕುಡಿಸಿ.