ಒಂದೇ ಸೂಚನೆಗೆ ಹಲವು ಹ್ಯಾಂಡ್ಲರ್ ಟಾಸ್ಕ್‌ಗಳನ್ನು ನಡೆಸುವುದು ಹೇಗೆ?

ಓದುಗರ ಪ್ರಶ್ನೆ: ಸರ್ವರ್‌ಗಳನ್ನು ಸ್ವಯಂಚಾಲಿತವಾಗಿ ಸಜ್ಜುಗೊಳಿಸುವ ಅನ್ಸಿಬಲ್ ಎಂಬ ಸಾಧನದಲ್ಲಿ ವೆಬ್ ಸರ್ವರ್‌ನ ಕಾನ್ಫಿಗರೇಶನ್ ಫೈಲ್ ಬದಲಾದಾಗ ಮೊದಲು ಆ ಫೈಲಿನ ಪರೀಕ್ಷೆ, ಬಳಿಕ ರೀಲೋಡ್, ಕೊನೆಗೆ ಸರ್ವರ್ ಉತ್ತರಿಸುತ್ತಿದೆಯೇ ಎಂಬ ತಪಾಸಣೆ ನಡೆಯಬೇಕು. ಮೂರನ್ನೂ ಬ್ಲಾಕ್‌ನಲ್ಲಿ (ಟಾಸ್ಕ್‌ಗಳ ಗುಂಪಿನಲ್ಲಿ) ಸೇರಿಸಿ ಹ್ಯಾಂಡ್ಲರ್ (ಬದಲಾವಣೆಯ ಸೂಚನೆ ಬಂದಾಗ ಮಾತ್ರ ನಡೆಯುವ ಟಾಸ್ಕ್) ಮಾಡಲು ಹೋದರೆ ದೋಷ ಬರುತ್ತದೆ. ದಾರಿ ಯಾವುದು?

ಉತ್ತರ: ಬ್ಲಾಕನ್ನೇ ಹ್ಯಾಂಡ್ಲರ್ ಆಗಿ ಬಳಸಲು ಅನ್ಸಿಬಲ್ ಒಪ್ಪುವುದಿಲ್ಲ. ಅದರ ಬದಲು ಮೂರನ್ನೂ ಪ್ರತ್ಯೇಕ ಹ್ಯಾಂಡ್ಲರ್‌ಗಳಾಗಿ ಬರೆದು, ಪ್ರತಿಯೊಂದಕ್ಕೂ ಲಿಸನ್ ಎಂಬ ಕೀವರ್ಡ್‌ನ ಮುಂದೆ ಒಂದೇ ವಿಷಯದ ಹೆಸರನ್ನು ಕೊಟ್ಟು, ಫೈಲ್ ಬರೆಯುವ ಟಾಸ್ಕ್‌ನ ನೋಟಿಫೈನಲ್ಲಿ (ಹ್ಯಾಂಡ್ಲರ್‌ಗೆ ಸೂಚನೆ ಕೊಡುವ ಕೀವರ್ಡ್‌ನಲ್ಲಿ) ಆ ಹೆಸರನ್ನಷ್ಟೇ ಕರೆಯಿರಿ. 2.2ನೇ ಆವೃತ್ತಿಯಿಂದ ಇರುವ ಈ ಸೌಲಭ್ಯವೇ ಹೆಚ್ಚಿನ ಸಂದರ್ಭಗಳಿಗೆ ಸರಿಯಾದುದೆಂದು ನನ್ನ ಅಭಿಪ್ರಾಯ.

ಇಲ್ಲಿ ಕ್ರಮದ ಬಗ್ಗೆ ಎಚ್ಚರ ಬೇಕು. ನೋಟಿಫೈ ಪಟ್ಟಿಯಲ್ಲಿ ಹೆಸರುಗಳನ್ನು ಯಾವ ಕ್ರಮದಲ್ಲಿ ಬರೆದರೂ, ಹ್ಯಾಂಡ್ಲರ್‌ಗಳು ನಡೆಯುವುದು ಅವುಗಳನ್ನು ವ್ಯಾಖ್ಯಾನಿಸಿದ ಕ್ರಮದಲ್ಲಿಯೇ. ಆದ್ದರಿಂದ ಪರೀಕ್ಷೆಯನ್ನು ರೀಲೋಡ್‌ಗಿಂತ ಮೇಲೆ ಬರೆಯಲೇಬೇಕು. ಹಾಗೆ ಬರೆದಾಗ, ಪರೀಕ್ಷೆ ವಿಫಲವಾದ ಹೋಸ್ಟ್‌ನಲ್ಲಿ (ಅನ್ಸಿಬಲ್ ನಿರ್ವಹಿಸುವ ಯಂತ್ರದಲ್ಲಿ) ಸಾಮಾನ್ಯವಾಗಿ ಮುಂದಿನ ಹ್ಯಾಂಡ್ಲರ್‌ಗಳು ನಡೆಯುವುದಿಲ್ಲ, ಹಳೆಯ ಕಾನ್ಫಿಗರೇಶನ್‌ನೊಂದಿಗೆ ಸರ್ವರ್ ಓಡುತ್ತಲೇ ಇರುತ್ತದೆ. ಒಂದು ಹ್ಯಾಂಡ್ಲರ್‌ನಿಂದ ಇನ್ನೊಂದನ್ನು ನೋಟಿಫೈ ಮಾಡುವ ಸರಪಳಿಯೂ ಸಾಧ್ಯವಿದೆ, ಆದರೆ ಹಿಂದಿನ ಕೊಂಡಿ "ಬದಲಾಗಿದೆ" ಎಂದು ವರದಿ ಮಾಡದಿದ್ದರೆ ಸರಪಳಿ ಅಲ್ಲಿಗೇ ನಿಲ್ಲುತ್ತದೆ.

ಎಲ್ಲ ಟಾಸ್ಕ್‌ಗಳಿಗೂ ಒಂದೇ ಷರತ್ತು ಅನ್ವಯಿಸಬೇಕಾದಾಗ ಮಾತ್ರ ಇನ್ನೊಂದು ದಾರಿ ಹಿಡಿಯಿರಿ: ಅವುಗಳನ್ನು ಬೇರೊಂದು ಫೈಲ್‌ನಲ್ಲಿಟ್ಟು, ಆ ಫೈಲನ್ನು ಓಡುವಾಗ ಒಳಸೇರಿಸುವ ಇನ್‌ಕ್ಲೂಡ್-ಟಾಸ್ಕ್ಸ್ ಅನ್ನೇ ಹೆಸರುಳ್ಳ ಹ್ಯಾಂಡ್ಲರ್ ಆಗಿ ಬರೆಯಿರಿ. ಲಿಸನ್ ಬಳಸಿದಾಗ ಪ್ರತಿ ಹ್ಯಾಂಡ್ಲರ್‌ಗೆ ವೆನ್ ಎಂಬ ಕೀವರ್ಡ್‌ನಲ್ಲಿ ಕೊಟ್ಟ ಷರತ್ತನ್ನು ಬೇರೆಬೇರೆಯಾಗಿ ಪರಿಶೀಲಿಸಲಾಗುತ್ತದೆ. ಇನ್‌ಕ್ಲೂಡ್-ಟಾಸ್ಕ್ಸ್‌ನಲ್ಲಿ ಅದನ್ನು ಒಳಸೇರಿಸುವ ಹೊತ್ತಿಗೆ ಒಮ್ಮೆ ಪರಿಶೀಲಿಸಿದರೆ ಮುಗಿಯಿತು. ಫೈಲಿನ ಒಳಗಿರುವ ಟಾಸ್ಕ್‌ಗಳನ್ನು ಹೆಸರಿನಿಂದ ಬಿಡಿಯಾಗಿ ಕರೆಯಲು ಬರುವುದಿಲ್ಲ. ಓಟಕ್ಕೆ ಮೊದಲೇ ಫೈಲನ್ನು ಒಳಸೇರಿಸುವ ಇಂಪೋರ್ಟ್-ಟಾಸ್ಕ್ಸ್‌ನದು ಇದಕ್ಕೆ ತದ್ವಿರುದ್ಧ: ಒಳಗಿನವುಗಳನ್ನು ಕರೆಯಬಹುದು, ಇಂಪೋರ್ಟ್ ಅನ್ನೇ ಕರೆಯಲಾಗದು.

ಯಾವ ದಾರಿ ಹಿಡಿದರೂ ಒಂದು ಅಪಾಯ ಉಳಿಯುತ್ತದೆ. ಫೈಲ್ ಬದಲಾದ ನಂತರ, ಹ್ಯಾಂಡ್ಲರ್‌ಗಳ ಸರದಿ ಬರುವ ಮೊದಲೇ ಬೇರೊಂದು ಟಾಸ್ಕ್ ವಿಫಲವಾದರೆ ಆ ಹೋಸ್ಟ್‌ನಲ್ಲಿ ಅವು ನಡೆಯುವುದೇ ಇಲ್ಲ; ಮುಂದಿನ ಸಲ ಪ್ಲೇಬುಕ್ (ಟಾಸ್ಕ್‌ಗಳನ್ನು ಬರೆದಿಟ್ಟ ಫೈಲ್) ಓಡಿಸಿದಾಗ ಫೈಲ್ ಆಗಲೇ ಹೊಸದಾಗಿರುವುದರಿಂದ ನೋಟಿಫೈ ಕೂಡ ಆಗುವುದಿಲ್ಲ. ಆದ್ದರಿಂದ ಫೈಲ್ ಬರೆಯುವ ಟಾಸ್ಕ್‌ನ ಬೆನ್ನಿಗೇ ಮೆಟಾ ಟಾಸ್ಕ್ (ಅನ್ಸಿಬಲ್‌ನ ಓಟವನ್ನೇ ನಿಯಂತ್ರಿಸುವ ಟಾಸ್ಕ್) ಮೂಲಕ ಫ್ಲಶ್-ಹ್ಯಾಂಡ್ಲರ್ಸ್ ಸೇರಿಸಿ, ಬಾಕಿ ಇರುವ ಹ್ಯಾಂಡ್ಲರ್‌ಗಳೆಲ್ಲ ಅಲ್ಲಿಯೇ ನಡೆಯುವಂತೆ ನೋಡಿಕೊಳ್ಳಿ.