ಗಾಯವನ್ನು ಗಾಳಿಗೆ ಬಿಡಬೇಕಾ, ಮುಚ್ಚಿಡಬೇಕಾ?

ಓದುಗರ ಪ್ರಶ್ನೆ: "ಬಿದ್ದು ಮೊಣಕಾಲು ತರಚಿದೆ. ಪಟ್ಟಿ ಕಟ್ಟಬೇಡ, ಗಾಳಿಯಾಡಿದರೆ ಬೇಗ ಒಣಗುತ್ತೆ ಅಂತ ಒಬ್ಬರು. ಮುಚ್ಚಿಡು ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ?"

ಮುಚ್ಚಿಡಿ ಅಂದವರ ಮಾತು ಕೇಳಿ. ಮುಚ್ಚಿದ ಮೇಲೆ ಒಳಗೆ ಸ್ವಲ್ಪ ಪಸೆಯೂ ಇರಲಿ.

ಈ ಗೊಂದಲಕ್ಕೆ ನಮ್ಮ ಮಾತೂ ಒಂದು ಕಾರಣ ಇರಬೇಕು. ಯಾರಿಗಾದರೂ ಪೆಟ್ಟಾದರೆ ನಾಲ್ಕು ದಿನ ಬಿಟ್ಟು 'ಗಾಯ ಒಣಗಿತಾ?' ಅಂತಲೇ ಕೇಳುತ್ತೇವೆ. ವಾಸಿಯಾಗುವುದು ಅಂದರೆ ಒಣಗುವುದು ಅಂತ ನಾಲಿಗೆಯಲ್ಲೇ ಕೂತುಬಿಟ್ಟಿದೆ. ಚಿಕ್ಕವನಿದ್ದಾಗ ನಾನೂ ತರಚಿದ ಮೊಣಕಾಲನ್ನು ಬಿಸಿಲಿಗೆ ಚಾಚಿಕೊಂಡು ಕೂರುತ್ತಿದ್ದೆ, ಗಟ್ಟಿ ಹಕ್ಕಳೆ ಕಟ್ಟಿದರೆ ಅರ್ಧ ಕೆಲಸ ಮುಗಿದಂತೆ ಅಂದುಕೊಂಡು.

1962ರಲ್ಲಿ ಇಂಗ್ಲೆಂಡಿನ ಸಂಶೋಧಕ ಜಾರ್ಜ್ ವಿಂಟರ್ ಈ ನಂಬಿಕೆಯನ್ನು ಪರೀಕ್ಷೆಗೆ ಹಚ್ಚಿದರು. ಹಂದಿಗಳ ಚರ್ಮದ ಮೇಲೆ ಆಳವಿಲ್ಲದ ಗಾಯಗಳನ್ನು ಮಾಡಿ ಕೆಲವನ್ನು ಗಾಳಿಗೆ ಬಿಟ್ಟರು, ಕೆಲವನ್ನು ತೆಳುವಾದ ಪಾಲಿಥೀನ್ ಹಾಳೆಯಿಂದ ಮುಚ್ಚಿದರು. ಮುಚ್ಚಿದ ಕಡೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಬಂದಿತ್ತು. ಮರುವರ್ಷ ಹಿನ್ಮನ್ ಮತ್ತು ಮೈಬಾಕ್ ಎಂಬಿಬ್ಬರು ಮನುಷ್ಯರಲ್ಲಿ ನೋಡಿದಾಗಲೂ ಅದೇ ಕಥೆ.

ಯಾಕೆ ಹೀಗೆ? ಗಾಯದ ಅಂಚಿನಲ್ಲಿರುವ ಚರ್ಮದ ಕೋಶಗಳು ಒಳಮುಖವಾಗಿ ತೆವಳಿಕೊಂಡು ಬಂದು ಬಯಲಾದ ಜಾಗವನ್ನು ಮುಚ್ಚಬೇಕು. ಅವು ಸಾಗಬೇಕಾದರೆ ದಾರಿಯಲ್ಲಿ ಪಸೆ ಇರಬೇಕು. ಗಾಳಿಗೆ ಬಿಟ್ಟರೆ ರಕ್ತ, ರಸ ಎಲ್ಲ ಒಣಗಿ ಹಕ್ಕಳೆಯಾಗುತ್ತದೆ, ಅದರ ಕೆಳಗಿನ ಮಾಂಸದ ಮೇಲ್ಪದರವೂ ಒಂದಿಷ್ಟು ಒಣಗುತ್ತದೆ. ಆಗ ಪಾಪ ಈ ಕೋಶಗಳು ಪಸೆ ಉಳಿದಿರುವ ಮಟ್ಟಕ್ಕೆ ಇಳಿದು, ಹಕ್ಕಳೆಯನ್ನು ಅಡಿಯಿಂದ ಬಿಡಿಸಿಕೊಳ್ಳುತ್ತಾ, ಸುತ್ತಿ ಬಳಸಿ ಬರಬೇಕು. ಹಕ್ಕಳೆ ಕೆಟ್ಟದ್ದೇನಲ್ಲ, ಮುಚ್ಚಲು ಏನೂ ಇಲ್ಲದಾಗ ದೇಹವೇ ಹಾಕಿಕೊಳ್ಳುವ ಮುಚ್ಚಳ ಅದು. ಆದರೆ ಅದಕ್ಕಿಂತ ಒಳ್ಳೆ ಮುಚ್ಚಳ ನಮ್ಮ ಕೈಯಲ್ಲಿದೆ, ಅಲ್ವಾ?

ಹಾಗಂತ ನೀರು ತುಂಬಿಕೊಂಡು ಕೂರಬಾರದು. ಪಟ್ಟಿ ಬಿಚ್ಚಿದಾಗ ಸುತ್ತಲಿನ ಚರ್ಮ ಬಟ್ಟೆ ಒಗೆದ ಬೆರಳಿನಂತೆ ಬೆಳ್ಳಗೆ ಸುಕ್ಕಾಗಿದ್ದರೆ ಪಸೆ ಜಾಸ್ತಿಯಾಗಿದೆ, ಪಟ್ಟಿಯನ್ನು ಇನ್ನೂ ಬೇಗ ಬದಲಿಸಬೇಕು ಅಂತ ಅರ್ಥ.

ನಿಮ್ಮ ಮೊಣಕಾಲಿಗೆ ಇಷ್ಟು ಸಾಕು: ಕುಡಿಯಲು ಯೋಗ್ಯವಾದ ನಲ್ಲಿ ನೀರಿನಲ್ಲಿ ಮಣ್ಣು ಹೋಗುವಂತೆ ತೊಳೆಯಿರಿ, ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಪಟ್ಟಿ ಹಾಕಿ. ಒಣ ಹತ್ತಿಬಟ್ಟೆಯನ್ನು ನೇರವಾಗಿ ಇಟ್ಟರೆ ಅದು ಗಾಯಕ್ಕೆ ಕಚ್ಚಿಕೊಂಡು, ಕೀಳುವಾಗ ನಿನ್ನೆ ಬಂದ ಹೊಸ ಚರ್ಮವನ್ನೂ ಕಿತ್ತುಕೊಂಡು ಬರುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಬೇಡ. ನೊರೆ ಬಂದರೆ ಕ್ರಿಮಿ ಸಾಯುತ್ತಿದೆ ಅಂತ ಖುಷಿಪಡುತ್ತೇವೆ, ಆದರೆ ಆ ನೊರೆ ನಮ್ಮದೇ ರಕ್ತ ಮತ್ತು ಕೋಶಗಳಲ್ಲಿರುವ ಒಂದು ಕಿಣ್ವದಿಂದಲೂ ಬರುತ್ತದೆ, ಮತ್ತು ಆ ದ್ರಾವಣ ಹೊಸ ಕೋಶಗಳನ್ನೂ ಸುಡುತ್ತದೆ.

ಹಾಗಾದರೆ ಜೇನು, ಬೆಳ್ಳಿ ಸೇರಿಸಿದ ದುಬಾರಿ ಪಟ್ಟಿಗಳು? ಇಲ್ಲಿ ಸಂಶೋಧನೆ ಸುಮಾರು ಜನರಿಗೆ ನಿರಾಸೆ ಮಾಡಿದೆ. ರಕ್ತನಾಳದ ತೊಂದರೆಯಿಂದ ಕಾಲಿನಲ್ಲಿ ಹುಣ್ಣಾಗಿದ್ದ 368 ಜನರ ಮೇಲೆ ನ್ಯೂಜಿಲೆಂಡ್‌ನಲ್ಲಿ ಮನೂಕಾ ಜೇನಿನ ಪಟ್ಟಿಯನ್ನು ಪರೀಕ್ಷಿಸಿದರು. 12 ವಾರಕ್ಕೆ ಜೇನಿನ ಗುಂಪಿನಲ್ಲಿ 55.6%, ಮಾಮೂಲಿ ಪಟ್ಟಿಯ ಗುಂಪಿನಲ್ಲಿ 49.7% ಜನರಿಗೆ ಮಾಯ್ದಿತ್ತು. ಜೇನು ಗೆದ್ದಂತೆ ಕಂಡರೂ ಅಷ್ಟು ವ್ಯತ್ಯಾಸ ಸುಮ್ನೆ ಆಕಸ್ಮಿಕವಾಗಿಯೂ ಬರಬಹುದು, ಮೇಲಾಗಿ ಜೇನು ಹಾಕಿಸಿಕೊಂಡವರಿಗೆ ನೋವು ಜಾಸ್ತಿ. ಬ್ರಿಟನ್ನಿನಲ್ಲಿ ಕಾಲಿನ ಹುಣ್ಣಿನ ಮೇಲೆ ನೊಣದ ಮರಿಹುಳುಗಳನ್ನೇ ಬಿಟ್ಟು ನೋಡಿದ್ದೂ ಆಯಿತು, 267 ಜನರಿದ್ದ ಅಧ್ಯಯನದಲ್ಲಿ. ಸತ್ತ ಮಾಂಸವನ್ನು ಹುಳುಗಳು ಬೇಗ ತಿಂದು ಚೊಕ್ಕ ಮಾಡಿದವು, ಹುಣ್ಣು ಮಾತ್ರ ಬೇಗ ಮಾಯಲಿಲ್ಲ.

ನನಗೆ ಇವೆಲ್ಲಕ್ಕಿಂತ ಇಷ್ಟವಾಗುವುದು 2018ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನ. ಅದೇ ಥರದ ಕಾಲಿನ ಹುಣ್ಣಿದ್ದ 450 ಜನ. ಎಲ್ಲರಿಗೂ ಬಿಗಿ ಪಟ್ಟಿ ಸುತ್ತಿದರು. ಅರ್ಧ ಜನರಿಗೆ ಮಾತ್ರ ಕೆಟ್ಟಿದ್ದ ರಕ್ತನಾಳವನ್ನು ಎರಡೇ ವಾರದೊಳಗೆ ಮುಚ್ಚಿಸಿದರು, ಉಳಿದವರಿಗೆ ಅದನ್ನು ಮುಂದೂಡಿದರು. ಬೇಗ ಚಿಕಿತ್ಸೆ ಸಿಕ್ಕ ಗುಂಪಿನಲ್ಲಿ ಅರ್ಧದಷ್ಟು ಜನರ ಹುಣ್ಣು ಮಾಯಲು ಹಿಡಿದ ಕಾಲ 56 ದಿನ, ಇನ್ನೊಂದರಲ್ಲಿ 82 ದಿನ. ಹುಣ್ಣಿನ ಮೇಲೆ ಏನು ಸವರಬೇಕು ಅಂತ ವರ್ಷಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ, ತೊಂದರೆ ನೋಡಿದರೆ ಒಳಗಿನ ನಾಳದಲ್ಲಿರುತ್ತದೆ.

ಅದಕ್ಕೇ ವಾರಗಳು ಕಳೆದರೂ ಮಾಯದ ಗಾಯಕ್ಕೆ ಪಟ್ಟಿ ಬದಲಿಸುತ್ತಾ ಕೂರಬೇಡಿ, ಯಾಕೆ ಮಾಯುತ್ತಿಲ್ಲ ಅಂತ ಡಾಕ್ಟರನ್ನು ಕೇಳಿ. ಸಕ್ಕರೆ ಕಾಯಿಲೆ ಇದ್ದು ಪಾದದಲ್ಲಿ ಗಾಯವಾಗಿದ್ದರೆ ವಾರವೂ ಕಾಯಬೇಡಿ, ನೋವಿಲ್ಲದಿದ್ದರೂ ಸರಿ, ಯಾಕೆಂದರೆ ಅಲ್ಲಿ ನೋವು ಗೊತ್ತಾಗದಿರುವುದೇ ಕಾಯಿಲೆಯ ಭಾಗ. ಆಳವಾದ ಗಾಯ, ಪ್ರಾಣಿ ಕಚ್ಚಿದ್ದು, ಹಬ್ಬುತ್ತಿರುವ ಕೆಂಪು, ಕೀವು, ಜ್ವರ ಇದ್ದರೂ ಅಷ್ಟೇ. ರಕ್ತ ಹರಿಯದೆ ಕಪ್ಪಾಗಿ ಒಣಗಿದ ಬೆರಳಿದ್ದರೆ ಮಾತ್ರ ಮೇಲೆ ಹೇಳಿದ್ದೆಲ್ಲ ಉಲ್ಟಾ. ಅದನ್ನು ಒಣಗಿದಂತೆಯೇ ಇಟ್ಟುಕೊಂಡು ಅವತ್ತೇ ಆಸ್ಪತ್ರೆಗೆ ಹೋಗಬೇಕು.