ಸಂಜೆ ಐದಕ್ಕೆ ಬಂದವರ ಕೂಲಿ: ಮತ್ತಾಯ 20:1-16

ಈ ಸಾಮ್ಯವನ್ನು, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆಯನ್ನು, ಮತ್ತಾಯನ ಸುವಾರ್ತೆಯ 19:27ರಿಂದಲೇ ಓದಲು ಶುರು ಮಾಡಿ. ಅಲ್ಲಿ ಶಿಷ್ಯ ಪೇತ್ರ ಯೇಸುವನ್ನು ಕೇಳುತ್ತಾನೆ: ಎಲ್ಲ ಬಿಟ್ಟು ನಿನ್ನ ಹಿಂದೆ ಬಂದೆವಲ್ಲ, ನಮಗೇನು ಸಿಗುತ್ತದೆ? ಆ ಪ್ರಶ್ನೆಯ ಬೆನ್ನಿಗೇ ಯೇಸು ಕಥೆ ಹೇಳುತ್ತಾರೆ. ನಡುವಿನ ಅಧ್ಯಾಯದ ಗೆರೆ ಮತ್ತಾಯ ಹಾಕಿದ್ದಲ್ಲ, 13ನೇ ಶತಮಾನದಲ್ಲಿ ಬಂದದ್ದು.

ಕಥೆ ನಿಮಗೆ ಗೊತ್ತು. ದ್ರಾಕ್ಷಿ ತೋಟದ ಯಜಮಾನ ಬೆಳಿಗ್ಗೆಯಿಂದ ಐದು ಸಲ ಪೇಟೆಗೆ ಹೋಗಿ ಆಳು ಕರೆಯುತ್ತಾನೆ. ಸಂಜೆ ಕೊನೆಗೆ ಬಂದವರಿಂದ ಶುರು ಮಾಡಿ ಎಲ್ಲರಿಗೂ ಒಂದೊಂದೇ ಬೆಳ್ಳಿ ನಾಣ್ಯ. ಅದು ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಕೊನೆಯವರು ಬಂದದ್ದು ಹನ್ನೊಂದನೆಯ ತಾಸಿಗೆ; ಸೂರ್ಯೋದಯದಿಂದ ಎಣಿಸುವುದರಿಂದ ಅದು ಸಂಜೆ ಐದು.

ಆ ಐದು ಗಂಟೆಯವರನ್ನು ನಾನು ತುಂಬಾ ವರ್ಷ ಸೋಮಾರಿಗಳು ಅಂದುಕೊಂಡಿದ್ದೆ. 7ನೇ ವಚನ ನೋಡಿ: "ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ." ನಮ್ಮ ಬದಿಯಡ್ಕ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸುಲಿದರೆ ಸುಲಿದಷ್ಟಕ್ಕೆ ದುಡ್ಡು. ಗೊಬ್ಬರ ಹೊರುವ ಕೆಲಸವಾದರೆ ದಿನದ ಲೆಕ್ಕ, ಹಾಗಾಗಿ ಮೊದಲ ಕರೆ ಗಟ್ಟಿ ಮೈಯವನಿಗೆ. ವಯಸ್ಸಾದವರು, ಕಾಲು ನೋವಿನವರು ಉಳಿದುಬಿಡುತ್ತಾರೆ. ಅವರ ಮನೆಯಲ್ಲೂ ರಾತ್ರಿ ಅನ್ನ ಬೇಯಬೇಕು ಅಲ್ವಾ?

ಬೆಳಿಗ್ಗೆ ಬಂದವರಿಗೆ ಮಾತಾಡಿದ ಕೂಲಿಯಲ್ಲಿ ಒಂದು ಕಾಸೂ ಕಡಿಮೆಯಾಗಿಲ್ಲ. ಅವರಿಗೇ ಮೊದಲು ಕೊಟ್ಟಿದ್ದರೆ ಖುಷಿಯಿಂದ ಮನೆಗೆ ಹೋಗುತ್ತಿದ್ದರು. ಬೇಸರ ಬಂದದ್ದು ಪಕ್ಕದವನ ಕೈ ನೋಡಿದ ಮೇಲೆ. 15ನೇ ವಚನದಲ್ಲಿ ಯಜಮಾನ ಹೇಳುವ ಮಾತು ಗ್ರೀಕ್ ಮೂಲದಲ್ಲಿ ಹೀಗಿದೆ: ನಾನು ಒಳ್ಳೆಯವನು ಅಂತ ನಿನ್ನ ಕಣ್ಣು ಕೆಟ್ಟಿತೇ? ನಾವು ಹೊಟ್ಟೆಯ ಕಿಚ್ಚು ಅನ್ನುವುದನ್ನು ಆ ಕಾಲದವರು ಕಣ್ಣಿನಲ್ಲಿ ಕಂಡರು. ಹಳೆ ಒಡಂಬಡಿಕೆಯ ಧರ್ಮೋಪದೇಶಕಾಂಡ 15:9 ಜೊತೆಗಿಟ್ಟು ಓದಿ. ಬಡ ಸಹೋದರನಿಗೆ ಕೊಡಲು ಹಿಂಜರಿಯುವವನ ಕಣ್ಣಿಗೂ ಅಲ್ಲಿ ಇದೇ ಮಾತು.

ಒಂದು ಎಚ್ಚರ. ನನ್ನದನ್ನು ನನ್ನಿಷ್ಟದಂತೆ ಮಾಡಬಾರದೇ ಎಂದೂ ಅದೇ 15ನೇ ವಚನದಲ್ಲಿ ಯಜಮಾನ ಕೇಳುತ್ತಾನೆ. "ನನ್ನ ದುಡ್ಡು, ನನ್ನಿಷ್ಟ" ಅಂತ ಕೂಲಿ ಕಡಿತ ಮಾಡುವವರು ಈ ವಚನವನ್ನು ಹಿಡಿಯಬಾರದು. ಈ ಯಜಮಾನ ಯಾರದ್ದನ್ನೂ ಕಡಿಯಲಿಲ್ಲ, ಜಾಸ್ತಿಯೇ ಕೊಟ್ಟ.

ಮಳೆ ಬಂದು ಮಧ್ಯಾಹ್ನಕ್ಕೇ ಕೆಲಸ ನಿಂತರೆ ನಮ್ಮ ಮನೆಯಲ್ಲಿ ಅರ್ಧ ಕೂಲಿ ಕೊಡುತ್ತಿದ್ದೆವು. ಈ ಪಾಠ ಓದಿದ ಮೇಲೆ ಪೂರ್ತಿ ಕೊಡೋಣ ಅಂದೆ. "ಮರುದಿನ ಸಂಜೆವರೆಗೆ ದುಡಿದವರು ಕೇಳಿದರೆ ಏನು ಹೇಳ್ತೀ?" ಅಂದರು ಅಮ್ಮ. ಒಂದೇ ತಾಸು ದುಡಿದವರನ್ನು ನಮಗೆ ಸಮ ಮಾಡಿದೆಯಲ್ಲ ಅನ್ನುವ 12ನೇ ವಚನದ ಗೊಣಗಾಟವೂ ಅದೇ. ಆ ಸಂಜೆ ಇಬ್ಬರೂ ಕೂತು ಆ ಭಾಗವನ್ನು ಇನ್ನೊಮ್ಮೆ ಓದಿದೆವು. ಈಗ ಮಳೆಯ ದಿನವೂ ಪೂರ್ತಿ ಕೂಲಿ.